ಮಂಪ್ಸಿಮಸ್: ಆ ಪದ ಬಳಸುವುದು ಹೇಗೆ, ನಾವೇ ಅದಾಗದೆ ಇರುವುದು ಹೇಗೆ

ಪ್ರೂಫ್ ನೋಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಪುಸ್ತಕ, ವರದಿ, ಕೈಪಿಡಿ ಅಂತ ಬಂದದ್ದನ್ನೆಲ್ಲ ತಿದ್ದುತ್ತಿದ್ದೇನೆ. ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುವವಳು. ಇಂಥ ನಾನು ‘ಸೂಪರ್‌ಸೀಡ್’ ಎಂಬ ಪದವನ್ನು ಹನ್ನೆರಡು ವರ್ಷ ತಪ್ಪಾಗಿ ಬರೆದೆ. ಹಳೆಯದು ಹೋಗಿ ಅದರ ಜಾಗಕ್ಕೆ ಹೊಸದು ಬಂದಾಗ ಬಳಸುವ ಪದ ಅದು. ಅದರ ‘ಸೀಡ್’ ಭಾಗ ಎಸ್ ಅಕ್ಷರದಿಂದ ಶುರುವಾಗಬೇಕು. ನಾನು ಸಿ ಹಾಕುತ್ತಿದ್ದೆ. ಸುಮ್ನೆ ಹಾಕುತ್ತಿದ್ದದ್ದಲ್ಲ, ಲೇಖಕರು ಸರಿಯಾಗಿ ಬರೆದು ಕಳಿಸಿದ್ದನ್ನೂ ಕೆಂಪು ಪೆನ್ನಿನಲ್ಲಿ ಹೊಡೆದು ಸಿ ಮಾಡುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೆ ಆ ಪದದ ಕೆಳಗೆ ಕೆಂಪು ಗೆರೆ ಕಾಣಿಸಿತು. ಯಂತ್ರಕ್ಕೇನು ಗೊತ್ತು ಅಂತ ‘ಆ್ಯಡ್ ಟು ಡಿಕ್ಷನರಿ’ ಒತ್ತಿದೆ. ಗೆರೆ ಹೋಯಿತು. ನೆಮ್ಮದಿ.

ಆಮೇಲೆ ಒಬ್ಬ ಹುಡುಗ ಕೆಲಸಕ್ಕೆ ಸೇರಿದ. ಲ್ಯಾಟಿನ್ ಹುಚ್ಚಿನವನು. ಒಂದು ದಿನ ನನ್ನ ಪ್ರೂಫ್ ಹಿಡಿದುಕೊಂಡು ಬಂದು, “ಮೇಡಂ, ಇದು ಎಸ್ ಅಲ್ವಾ?” ಅಂದ. ನಾನು ಬಿಡಲಿಲ್ಲ. ಪ್ರಿಸೀಡ್, ಇಂಟರ್‌ಸೀಡ್, ಕನ್ಸೀಡ್, ರಿಸೀಡ್ ಎಲ್ಲಕ್ಕೂ ಸಿ ಇರುವಾಗ ಇದೊಂದಕ್ಕೆ ಎಸ್ ಎಲ್ಲಿಂದ ಬರುತ್ತೆ ಅಂತ ಅವನಿಗೇ ಪಾಠ ಮಾಡಿದೆ. ಅವನು ನಿಘಂಟು ತೆರೆದು ತೋರಿಸಿದ. ನೋಡಿದೆ. ನೋಡಿಯೂ ಸಿ ಹಾಕುವುದನ್ನು ಬಿಡಲಿಲ್ಲ. ಎಂಟು ತಿಂಗಳಾದ ಮೇಲೆ ಮತ್ತೆ ಅದೇ ಪದ, ಅದೇ ಜಗಳ. “ಇಷ್ಟು ವರ್ಷದಿಂದ ಹೀಗೇ ಬರೀತಿದ್ದೀನಪ್ಪಾ, ಯಾರೂ ಕೇಳಿಲ್ಲ” ಅಂದೆ. ಅವನು ನಕ್ಕು, “ನೀವು ಮಂಪ್ಸಿಮಸ್ ಮೇಡಂ” ಅಂದು ಹೋದ.

ಮಂಗನಬಾವಿಗೆ ಇಂಗ್ಲಿಷಿನಲ್ಲಿ ಮಂಪ್ಸ್ ಅನ್ನುತ್ತಾರಲ್ಲ. ನಾನು ಕೆನ್ನೆ ಮುಟ್ಟಿ ನೋಡಿಕೊಂಡೆ.

ನಿಘಂಟು ಬೇರೆಯೇ ಹೇಳಿತು. ತಪ್ಪು ಎಂದು ತೋರಿಸಿಕೊಟ್ಟ ಮೇಲೂ, ಹಳೆಯ ರೂಢಿ ಅನ್ನುವ ಕಾರಣಕ್ಕೆ ಅದನ್ನೇ ಹಿಡಿದು ಕೂರುವವರು ಮಂಪ್ಸಿಮಸ್. ಅವತ್ತಿನಿಂದ ಈ ಪದದ ಬೆನ್ನು ಹತ್ತಿದ್ದೇನೆ. ಇದನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು, ಬಳಸುವವರೇ ಎಲ್ಲಿ ಜಾರಿ ಬೀಳುತ್ತಾರೆ ಅಂತ ನನಗೆ ಗೊತ್ತಾದಷ್ಟು ಇಲ್ಲಿ ಬರೆಯುತ್ತೇನೆ.

ಮೊದಲು ಬಾಯಿಗೆ ಕೂರಿಸಿಕೊಳ್ಳಿ

ಉಚ್ಚಾರಣೆ ಕಷ್ಟವಿಲ್ಲ. ಮಂಪ್-ಸಿ-ಮಸ್. ಒತ್ತು ಮೊದಲ ‘ಮಂಪ್’ ಮೇಲೆ. ಮಂಗನಬಾವಿಗೂ ಇದಕ್ಕೂ ನೆಂಟಸ್ತನ ಇಲ್ಲ. ಶಬ್ದ ಕೇಳಿದರೆ ಬಾಯಲ್ಲಿ ಏನೋ ಇಟ್ಟುಕೊಂಡು ಗೊಣಗಿದ ಹಾಗೆ ಇದೆ, ಅಷ್ಟೇ.

ಬಹುವಚನದಲ್ಲಿ ಹುಷಾರಾಗಿರಬೇಕು. ಲ್ಯಾಟಿನ್ ಮೂಲದ ‘ಅಸ್’ ಕೊನೆಯ ಪದ ಕಂಡರೆ ಕೆಲವರಿಗೆ ಕೈ ತುರಿಸುತ್ತದೆ. ಕ್ಯಾಕ್ಟಸ್ ಹೋಗಿ ಕ್ಯಾಕ್ಟೈ ಆಗುತ್ತಲ್ಲ, ಹಾಗೆ ಇದನ್ನೂ ‘ಮಂಪ್ಸಿಮೈ’ ಮಾಡಿಬಿಡುತ್ತಾರೆ. ಮಾಡಬೇಡಿ. ‘ಮಂಪ್ಸಿಮಸಸ್’ ಅನ್ನಿ. ಯಾಕೆ ಅಂದರೆ ಈ ಪದ ಲ್ಯಾಟಿನ್‌ನಲ್ಲಿ ನಾಮಪದವೇ ಅಲ್ಲ. ಅದು ಸೊಟ್ಟಗಾದ ಒಂದು ಕ್ರಿಯಾಪದ. ಅದು ಹೇಗೆ ಸೊಟ್ಟಗಾಯಿತು ಅನ್ನುವುದೇ ಕತೆ.

ಆ ಪಾದ್ರಿಯ ಕತೆ

ಲ್ಯಾಟಿನ್‌ನಲ್ಲಿ ‘ಸೂಮೆರೆ’ ಅಂದರೆ ತೆಗೆದುಕೊಳ್ಳುವುದು, ಸೇವಿಸುವುದು. ಇಂಗ್ಲಿಷಿನ ಕನ್ಸ್ಯೂಮ್, ಅಸ್ಯೂಮ್, ಪ್ರಿಸ್ಯೂಮ್, ರೆಸ್ಯೂಮ್ ಎಲ್ಲ ಇದರ ಮಕ್ಕಳೇ. ಇದರ ಒಂದು ರೂಪ ‘ಸುಂಪ್ಸಿಮುಸ್’. ನಮ್ಮಲ್ಲಿ ‘ನಾವು’ ಅಂತ ಬೇರೆ ಹೇಳದೆ ‘ಸೇವಿಸಿದೆವು’ ಅಂದರೆ ಸಾಕು, ಮಾಡಿದವರು ನಾವು ಅಂತ ಕೊನೆಯ ‘ಎವು’ ಹೇಳಿಬಿಡುತ್ತದೆ. ಲ್ಯಾಟಿನ್‌ನಲ್ಲಿ ಆ ಕೆಲಸ ಮಾಡುವುದು ಕೊನೆಯ ‘ಮುಸ್’. ಹಾಗಾಗಿ ಸುಂಪ್ಸಿಮುಸ್ ಅಂದರೆ ಸೇವಿಸಿದೆವು.

ಕ್ಯಾಥೊಲಿಕ್ ಪೂಜೆಯಲ್ಲಿ ಪ್ರಸಾದ ಸ್ವೀಕರಿಸಿದ ಮೇಲೆ ಪಾದ್ರಿ ಹೇಳುವ ಒಂದು ಚಿಕ್ಕ ಪ್ರಾರ್ಥನೆ ಇದೆ. ‘ಕ್ವೋದ್ ಓರೆ ಸುಂಪ್ಸಿಮುಸ್, ದೋಮಿನೆ’ ಅಂತ ಶುರುವಾಗುತ್ತದೆ. ಪ್ರಭುವೇ, ಬಾಯಿಂದ ನಾವು ಸೇವಿಸಿದ್ದನ್ನು ಶುದ್ಧ ಮನಸ್ಸಿನಿಂದ ಸ್ವೀಕರಿಸುವಂತಾಗಲಿ ಅನ್ನುವುದು ಅದರ ಅರ್ಥ. ಇಂಗ್ಲೆಂಡಿನ ಒಬ್ಬ ಪಾದ್ರಿ, ಲ್ಯಾಟಿನ್ ಅಷ್ಟಕ್ಕಷ್ಟೇ ಬರುತ್ತಿದ್ದವನು, ಅಲ್ಲಿ ‘ಸುಂಪ್ಸಿಮುಸ್’ ಬದಲು ‘ಮುಂಪ್ಸಿಮುಸ್’ ಅಂತ ಹೇಳುತ್ತಿದ್ದನಂತೆ. ಲ್ಯಾಟಿನ್‌ನಲ್ಲಿ ಅಂಥ ಪದವೇ ಇಲ್ಲ. ಕನ್ನಡದಲ್ಲಿ ಹೇಳುವುದಾದರೆ ‘ಸೇವಿಸಿದೆವು’ ಅನ್ನುವ ಕಡೆ ಪ್ರತಿದಿನವೂ ಭಕ್ತಿಯಿಂದ ‘ಮೇವಿಸಿದೆವು’ ಅಂದ ಹಾಗೆ. ಯಾರೋ ತಿಳಿದವರು ತಪ್ಪು ತೋರಿಸಿದರು. ಪಾದ್ರಿಗೆ ಸಿಟ್ಟು ಬಂತು. ನಿಮ್ಮ ಹೊಸ ಸುಂಪ್ಸಿಮುಸ್‌ಗೋಸ್ಕರ ನನ್ನ ಹಳೆಯ ಮುಂಪ್ಸಿಮುಸ್ ಬಿಡೋದಿಲ್ಲ ಅಂದುಬಿಟ್ಟ.

ಈ ಕತೆಯನ್ನು ಡಚ್ ವಿದ್ವಾಂಸ ಎರಾಸ್ಮಸ್ 1516ರಲ್ಲಿ ಬರೆದ ಒಂದು ಪತ್ರದಲ್ಲಿ ಹೇಳಿದ್ದಾನೆ. ಮರುವರ್ಷ, 1517ರಲ್ಲಿ, ಇಂಗ್ಲೆಂಡಿನ ರಾಜ ಎಂಟನೆಯ ಹೆನ್ರಿಯ ಕಾರ್ಯದರ್ಶಿಯಾಗಿದ್ದ ರಿಚರ್ಡ್ ಪೇಸ್ ತನ್ನ ಲ್ಯಾಟಿನ್ ಪುಸ್ತಕವೊಂದರಲ್ಲಿ ಹೇಳಿದ. ಪೇಸ್ ಹೇಳುವಲ್ಲಿ ಪಾದ್ರಿ ಮೂವತ್ತು ವರ್ಷದಿಂದ ಹಾಗೆ ಓದುತ್ತಿದ್ದ. ಪಾದ್ರಿಯ ಹೆಸರನ್ನು ಇಬ್ಬರೂ ಹೇಳುವುದಿಲ್ಲ. ನಿಜವಾಗಿ ಒಬ್ಬ ಪಾದ್ರಿ ಇದ್ದನೋ, ಓದಿದವರು ತಮ್ಮತಮ್ಮಲ್ಲೇ ಹೇಳಿಕೊಂಡು ನಕ್ಕ ಕತೆಯೋ, ನನಗೆ ಅದು ಮುಖ್ಯ ಅನ್ನಿಸಿಲ್ಲ. ಎರಾಸ್ಮಸ್‌ಗೆ ಆ ಹೊತ್ತಿನಲ್ಲಿ ಅದು ಯಾಕೆ ಬೇಕಾಯಿತು ಅನ್ನುವುದು ಮುಖ್ಯ.

ಅದೇ 1516ರಲ್ಲಿ ಬಾಸೆಲ್ ಊರಿನ ಫ್ರೋಬೆನ್ ಮುದ್ರಣಾಲಯದಿಂದ ಎರಾಸ್ಮಸ್‌ನ ‘ಹೊಸ ಒಡಂಬಡಿಕೆ’ ಹೊರಬಂದಿತ್ತು. ಒಂದು ಕಡೆ ಗ್ರೀಕ್ ಪಾಠ, ಪಕ್ಕದಲ್ಲಿ ಅವನದೇ ಲ್ಯಾಟಿನ್ ಅನುವಾದ. ಅಲ್ಲಿಯವರೆಗೆ ಜನರಿಗೆ ಬೈಬಲ್ ಅಂದರೆ ಹಳೆಯ ಲ್ಯಾಟಿನ್ ಪಾಠ, ವಲ್ಗೇಟ್. ಅದರ ಒಂದೊಂದು ಪದವೂ ಕಿವಿಗೆ ಅಂಟಿತ್ತು. ಎರಾಸ್ಮಸ್ ಗ್ರೀಕ್ ನೋಡಿ ಇಲ್ಲಿ ಹೀಗಿರಬೇಕು, ಅಲ್ಲಿ ಹಾಗಿರಬೇಕು ಅಂತ ತಿದ್ದಿದ. 1519ರ ಎರಡನೆಯ ಮುದ್ರಣದಲ್ಲಂತೂ ಯೋಹಾನನ ಸುವಾರ್ತೆಯ ಮೊದಲ ಸಾಲಿನಲ್ಲೇ ಕೈ ಹಾಕಿದ. ‘ಆದಿಯಲ್ಲಿ ವಾಕ್ಯವಿತ್ತು’ ಅನ್ನುವಲ್ಲಿ ಎಲ್ಲರಿಗೂ ಗೊತ್ತಿದ್ದ ‘ವೆರ್ಬುಮ್’ (ಪದ) ತೆಗೆದು ‘ಸೆರ್ಮೊ’ (ಮಾತು, ಮಾತುಕತೆ) ಹಾಕಿದ. ದೊಡ್ಡ ಗದ್ದಲವಾಯಿತು. ಅದಕ್ಕೆ ಸಮಜಾಯಿಷಿ ಅಂತ ಅವನು ಬೇರೆಯೇ ಪುಸ್ತಕ ಬರೆಯಬೇಕಾಯಿತು. ಅಂದರೆ ಎರಾಸ್ಮಸ್ ತಾನೇ ಸುಂಪ್ಸಿಮುಸ್ ಹೇಳಿಕೊಟ್ಟು ಬೈಸಿಕೊಳ್ಳುತ್ತಿದ್ದವನು. ಪಾದ್ರಿಯ ಕತೆ ಅವನ ಕೈಗೆ ಸಿಕ್ಕ ಕಲ್ಲು.

ಇಂಗ್ಲಿಷಿಗೆ ಈ ಪದ ಬೈಗುಳವಾಗಿಯೇ ಬಂತು. 1530ರಲ್ಲಿ ವಿಲಿಯಂ ಟಿಂಡೇಲ್, ಬೈಬಲನ್ನು ಇಂಗ್ಲಿಷಿಗೆ ತಂದವನು, ಹೆನ್ರಿಯ ವಿಚ್ಛೇದನದ ಚರ್ಚೆಗೆ ಕರೆಸಿದ್ದ ಪಂಡಿತರನ್ನು ದೇವಶಾಸ್ತ್ರದ ಮಂಪ್ಸಿಮಸ್ ಡಾಕ್ಟರುಗಳು ಅಂತ ಚುಚ್ಚಿದ. ಹದಿನೈದು ವರ್ಷದ ನಂತರ ಅದೇ ಹೆನ್ರಿ ರಾಜನ ಬಾಯಲ್ಲೂ ಈ ಪದ ಬಂತು. 1545ರ ಡಿಸೆಂಬರ್ 24, ಸಂಸತ್ತಿನಲ್ಲಿ ಅವನ ಕೊನೆಯ ಭಾಷಣ. ಕೆಲವರು ಹಳೆಯ ಮಂಪ್ಸಿಮಸ್ ಹಿಡಿದು ಸೆಟೆದು ನಿಂತಿದ್ದಾರೆ, ಇನ್ನು ಕೆಲವರು ಹೊಸ ಸಂಪ್ಸಿಮಸ್ ಅಂತ ಅತಿ ಮಾಡುತ್ತಿದ್ದಾರೆ ಅಂತ ಪಾದ್ರಿಗಳ ಎರಡೂ ಬಣಕ್ಕೆ ಬೈದ. ರಾಜ ಹೇಳಿದ ಈ ಎರಡನೆಯ ಭಾಗವನ್ನು ಜನ ಮರೆಯುತ್ತಾರೆ. ಅದನ್ನು ಆಮೇಲೆ ನೋಡೋಣ.

ಯಾವುದಕ್ಕೆ ಹೇಳಬೇಕು, ಯಾವುದಕ್ಕೆ ಬೇಡ

ಇಂಗ್ಲಿಷಿನಲ್ಲಿ ಈ ಪದಕ್ಕೆ ಎರಡು ಮುಖ ಇವೆ. ತಪ್ಪು ಬಿಡದ ಮನುಷ್ಯ ಮಂಪ್ಸಿಮಸ್. ಅವನು ಬಿಡದ ಆ ತಪ್ಪೂ ಮಂಪ್ಸಿಮಸ್. ಅದು ಪದವಾಗಬಹುದು, ಕಾಗುಣಿತವಾಗಬಹುದು, ಒಂದು ನಂಬಿಕೆ, ಕೆಲಸ ಮಾಡುವ ಒಂದು ರೀತಿಯೂ ಆಗಬಹುದು. ‘ಅವನೊಬ್ಬ ಮಂಪ್ಸಿಮಸ್’ ಅಂದರೂ ಸರಿ, ‘ಅದು ಅವನ ಹಳೆಯ ಮಂಪ್ಸಿಮಸ್’ ಅಂದರೂ ಸರಿ. ನನಗೆ ಎರಡನೆಯದು ಇಷ್ಟ. ಬೈಗುಳ ಮನುಷ್ಯನಿಗೆ ತಗಲುವುದಿಲ್ಲ, ತಪ್ಪಿಗೆ ತಗಲುತ್ತದೆ.

ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತೇವಲ್ಲ, ಅದೇ ತಾನೆ ಇದು ಅಂತ ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಪೂರ್ತಿ ಅಲ್ಲ. ಮೂರು ಕಾಲಿನವನಿಗೆ ಹಟ ಮುಖ್ಯ. ಇವತ್ತು ಹಿಡಿದ ಮೊಲಕ್ಕೂ ಹಟ, ನಾಳೆ ಹಿಡಿಯುವ ಮೊಲಕ್ಕೂ ಹಟ. ಮಂಪ್ಸಿಮಸ್‌ಗೆ ಹಳತನ ಬೇಕು. ಮೂವತ್ತು ವರ್ಷದ ರೂಢಿ ಬೇಕು. ಆ ಪಾದ್ರಿ ತನ್ನದೇ ಸರಿಯಾದ ಲ್ಯಾಟಿನ್ ಅಂತ ವಾದಿಸಲಿಲ್ಲ, ಗಮನಿಸಿ. ‘ನನ್ನ ಹಳೆಯದು’ ಅಂದ, ‘ನಿಮ್ಮ ಹೊಸದು’ ಅಂದ. ಸರಿ ತಪ್ಪಿನ ಲೆಕ್ಕವನ್ನು ಹಳತು ಹೊಸತಿನ ಲೆಕ್ಕ ಮಾಡಿಬಿಟ್ಟ. ಈ ಜಾಣತನ ಇದ್ದಲ್ಲಿ ಮಾತ್ರ ಪದ ಬಳಸಿ.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇನ್ನೂ ದೂರ. ಜಟ್ಟಿಗೆ ಸೋತದ್ದು ಗೊತ್ತು, ಮುಚ್ಚಿಡುತ್ತಿದ್ದಾನೆ. ಮಂಪ್ಸಿಮಸ್ ಏನನ್ನೂ ಮುಚ್ಚಿಡುವುದಿಲ್ಲ. ರಾಜಾರೋಷವಾಗಿ ತಪ್ಪು ಹೇಳುತ್ತಾನೆ.

ಇನ್ನು ಒಂದು ಪದದ ಜೊತೆ ಇದನ್ನು ಬೆರೆಸಲೇಬಾರದು. ಇಗ್ನೊರೇಮಸ್. ಅದೂ ಲ್ಯಾಟಿನ್ ಕ್ರಿಯಾಪದವೇ, ‘ನಮಗೆ ಗೊತ್ತಿಲ್ಲ’ ಅಂತ ಅರ್ಥ. ಅದಕ್ಕೂ ಕೊನೆಗೆ ಅದೇ ‘ಮುಸ್’. ಮೊಕದ್ದಮೆ ನಡೆಸಲು ಸಾಕಷ್ಟು ಸಾಕ್ಷಿ ಇಲ್ಲದಿದ್ದರೆ ಇಂಗ್ಲೆಂಡಿನ ಗ್ರ್ಯಾಂಡ್ ಜ್ಯೂರಿಯವರು ದೋಷಾರೋಪದ ಹಾಳೆಯ ಹಿಂದೆ ಹಾಗೆ ಬರೆಯುತ್ತಿದ್ದರು. 1615ರಲ್ಲಿ ಕೇಂಬ್ರಿಜ್‌ನಲ್ಲಿ ಮೊದಲನೆಯ ಜೇಮ್ಸ್ ರಾಜನ ಎದುರು ಆಡಿದ ಒಂದು ಲ್ಯಾಟಿನ್ ನಾಟಕದಲ್ಲಿ ಒಬ್ಬ ದಡ್ಡ ವಕೀಲನಿಗೆ ಆ ಹೆಸರಿಟ್ಟರು. ಅಲ್ಲಿಂದ ಅದು ಏನೂ ತಿಳಿಯದವನ ಹೆಸರಾಯಿತು. ಇಗ್ನೊರೇಮಸ್‌ಗೆ ಗೊತ್ತಿಲ್ಲ. ಮಂಪ್ಸಿಮಸ್‌ಗೆ ಗೊತ್ತುಮಾಡಿ ಆಗಿದೆ. ನಡುವೆ ಇರುವುದು ಒಂದೇ ಒಂದು ಘಟನೆ, ಯಾರೋ ಬಂದು ಹೇಳಿದ್ದು.

ನನ್ನದೇ ಉದಾಹರಣೆ ಕೊಡುತ್ತೇನೆ. ನಾನು ಇಂಗ್ಲಿಷನ್ನು ಕಣ್ಣಿಂದ ಕಲಿತವಳು, ಕಿವಿಯಿಂದಲ್ಲ. ಪುಸ್ತಕದಲ್ಲಿ ‘ಮಿಸ್‌ಲೆಡ್’ ಅನ್ನುವ ಪದ ಬಂದಾಗಲೆಲ್ಲ ಅದನ್ನು ‘ಮೈಜಲ್ಡ್’ ಅಂತ ಓದಿಕೊಳ್ಳುತ್ತಿದ್ದೆ. ‘ಮೈಜಲ್’ ಅಂತ ಒಂದು ಕ್ರಿಯಾಪದ ಇರಬೇಕು, ನಯವಾಗಿ ಮೋಸ ಮಾಡುವುದು ಅಂತ ಅರ್ಥ ಇರಬೇಕು ಅಂತ ಮನಸ್ಸಿನಲ್ಲೇ ಒಂದು ನಿಘಂಟು ಬರೆದುಕೊಂಡಿದ್ದೆ. ದಾರಿ ತಪ್ಪಿಸು ಅನ್ನುವ ‘ಮಿಸ್‌ಲೀಡ್’ ನನಗೆ ಗೊತ್ತಿತ್ತು. ಇದು ಅದರದೇ ಭೂತಕಾಲ ಅಂತ ಮಾತ್ರ ಹೊಳೆದಿರಲಿಲ್ಲ. ಒಂದು ಸಭೆಯಲ್ಲಿ ಗಟ್ಟಿಯಾಗಿ ಓದುವಾಗ ಗೆಳತಿ ತಡೆದಳು. ಮುಖ ಕೆಂಪಾಯಿತು. ಅವತ್ತೇ ತಿದ್ದಿಕೊಂಡೆ. ಅಲ್ಲಿ ನಾನು ಇಗ್ನೊರೇಮಸ್. ಸೂಪರ್‌ಸೀಡ್‌ನಲ್ಲಿ ಮೊದಲ ಹನ್ನೆರಡು ವರ್ಷ ಕೂಡ ನಾನು ಬರೀ ಇಗ್ನೊರೇಮಸ್. ಹುಡುಗ ನಿಘಂಟು ತೋರಿಸಿದ ಮೇಲಿನ ಎಂಟು ತಿಂಗಳು ಇವೆಯಲ್ಲ, ಅಷ್ಟು ಮಾತ್ರ ಮಂಪ್ಸಿಮಸ್.

ಆದ್ದರಿಂದ ಯಾರಿಗಾದರೂ ಈ ಪದ ಅಂಟಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಅದು ನಿಜಕ್ಕೂ ತಪ್ಪೇ? ಅವರಿಗೆ ಯಾರಾದರೂ ಹೇಳಿದ್ದಾರೆಯೇ? ಹೇಳಿದ ಮೇಲೆ ಬಿಡದಿರುವುದಕ್ಕೆ ಕಾರಣ ಹಳೆಯ ಅಭ್ಯಾಸವೇ? ಮೂರಕ್ಕೂ ಹೌದು ಬಂದರೆ ಮಾತ್ರ ಮಂಪ್ಸಿಮಸ್. ಹಾಡಿನ ಸಾಲನ್ನು ತಪ್ಪಾಗಿ ಕೇಳಿಸಿಕೊಂಡವರಿಗೆ ಬೇರೆ ಪದ ಇದೆ, ಮಾಂಡಗ್ರೀನ್. ದೊಡ್ಡ ಪದ ಹೇಳಲು ಹೋಗಿ ಅದರ ಪಕ್ಕದ ಪದ ಹೇಳುವುದಕ್ಕೆ ಮಾಲಾಪ್ರಾಪಿಸಂ. ಅವೆಲ್ಲ ಕಿವಿ ಮತ್ತು ನಾಲಿಗೆಯ ತಪ್ಪು, ಪಾಪ.

ಹೇಳುವ ಮೊದಲು ಒಂದು ಸಲ ನಿಲ್ಲಿ

ಮೊದಲ ಪ್ರಶ್ನೆ ಕಾಣುವಷ್ಟು ಸುಲಭ ಅಲ್ಲ. ನಿಜಕ್ಕೂ ತಪ್ಪೇ ಅನ್ನುವುದನ್ನು ಯಾವ ಕಾಲದ ಕನ್ನಡಕ ಹಾಕಿಕೊಂಡು ನೋಡುತ್ತೀರಿ?

ಎರಾಸ್ಮಸ್‌ನ ಎದುರಾಳಿಗಳು ತಬ್ಬಿಕೊಂಡಿದ್ದ ವಲ್ಗೇಟ್ ಇತ್ತಲ್ಲ, ಅದೇ ಒಂದು ಕಾಲದಲ್ಲಿ ಹೊಸ ಸುಂಪ್ಸಿಮುಸ್ ಆಗಿತ್ತು. ಅದರ ಬಹುಪಾಲು ಜೆರೋಮ್ ಸಂತನ ಕೆಲಸ. 403ರಲ್ಲಿ ಅಗಸ್ಟೀನ್ ಸಂತ ಜೆರೋಮ್‌ಗೆ ಒಂದು ಪತ್ರ ಬರೆದ. ಈಗಿನ ಲಿಬಿಯಾದ ಟ್ರಿಪೊಲಿ ಇರುವ ಜಾಗದಲ್ಲಿ ಆಗ ಓಯಾ ಅನ್ನುವ ಊರು. ಅಲ್ಲಿನ ಬಿಷಪ್ ಚರ್ಚಿನಲ್ಲಿ ಜೆರೋಮ್‌ನ ಹೊಸ ಅನುವಾದದಿಂದ ಯೋನನ ಕತೆ ಓದಿದ. ಬಿಸಿಲಲ್ಲಿ ಕೂತ ಪ್ರವಾದಿಗೆ ನೆರಳಾಗಲಿ ಅಂತ ದೇವರು ಒಂದು ಗಿಡ ಬೆಳೆಸುತ್ತಾನೆ. ಜನ ತಲೆತಲಾಂತರದಿಂದ ಅಲ್ಲಿ ಸೋರೆ ಬಳ್ಳಿ ಅಂತ ಕೇಳಿಕೊಂಡು ಬಂದಿದ್ದರು. ಜೆರೋಮ್ ಐವಿ ಬಳ್ಳಿ ಅಂತ ಮಾಡಿದ್ದ. ಅಷ್ಟಕ್ಕೇ ಚರ್ಚಿನೊಳಗೆ ಗಲಾಟೆ ಎದ್ದಿತು. ಜನ ತನ್ನನ್ನೇ ಬಿಟ್ಟುಹೋಗುವ ಸ್ಥಿತಿ ಬಂದಾಗ ಬಿಷಪ್ ಹಳೆಯ ಪದಕ್ಕೇ ಹಿಂದಿರುಗಬೇಕಾಯಿತು.

ತಮಾಷೆ ಏನು ಗೊತ್ತಾ? ಆ ಗಿಡ ಹರಳು ಗಿಡ ಇರಬೇಕು ಅಂತ ಈಗ ತುಂಬ ವಿದ್ವಾಂಸರು ಹೇಳುತ್ತಾರೆ. ಹರಳೆಣ್ಣೆ ಬರುತ್ತಲ್ಲ, ಅದೇ ಅಗಲ ಎಲೆಯ ಗಿಡ. ಜೆರೋಮ್‌ಗೂ ಹೆಚ್ಚುಕಡಿಮೆ ಗೊತ್ತಿತ್ತು. ಲ್ಯಾಟಿನ್‌ನಲ್ಲಿ ಅದಕ್ಕೆ ಪದ ಸಿಗದೆ ಐವಿ ಅಂತ ಹಾಕಿದ್ದ. ಅಂದರೆ ಸೋರೆಯೂ ಅಲ್ಲ, ಐವಿಯೂ ಅಲ್ಲ. ಓಯಾದ ಜನ ಒಂದು ತಪ್ಪಿಗೋಸ್ಕರ ಇನ್ನೊಂದು ತಪ್ಪಿನ ಜೊತೆ ಹೊಡೆದಾಡಿದರು. ಮುಂದಿನ ಸುಮಾರು 1100 ವರ್ಷದಲ್ಲಿ ಅದೇ ಜೆರೋಮ್‌ನ ಪಾಠ ಹಳೆಯದಾಯಿತು, ಪವಿತ್ರವಾಯಿತು. ಅದನ್ನು ಮುಟ್ಟಿದ ಎರಾಸ್ಮಸ್ ಬೈಸಿಕೊಂಡ. ಹೆನ್ರಿ ರಾಜ ಇಬ್ಬರಿಗೂ ಸೇರಿಸಿ ಬೈದದ್ದು ಇಂಥದ್ದನ್ನೆಲ್ಲ ನೋಡಿ ಸಾಕಾಗಿಯೇ ಇರಬೇಕು. ರಾಜ ಸ್ವತಃ ಹಟದಲ್ಲಿ ಕಮ್ಮಿ ಇರಲಿಲ್ಲ, ಅದು ಬೇರೆ ಮಾತು.

ಪದಗಳ ಲೋಕದಲ್ಲಂತೂ ಗೆದ್ದ ಮಂಪ್ಸಿಮಸ್‌ಗಳೇ ಜಾಸ್ತಿ. ಏಪ್ರನ್ ಅನ್ನುವ ಪದ ಮೊದಲು ‘ನೇಪ್ರನ್’ ಆಗಿತ್ತು, ನ್ಯಾಪ್ಕಿನ್ನಿನ ಅಕ್ಕ. ‘ಎ ನೇಪ್ರನ್’ ಅನ್ನುವುದನ್ನು ಜನ ‘ಆ್ಯನ್ ಏಪ್ರನ್’ ಅಂತ ಒಡೆದರು. ಹಾವಿನ ಹೆಸರು ಆ್ಯಡರ್‌ಗೂ ಹೀಗೇ ಮುಂದಿನ ‘ನ’ ಕಳೆದುಹೋಯಿತು. ಪಂದ್ಯದ ಅಂಪೈರ್ ಕೂಡ ಒಂದು ಕಾಲದ ‘ನೂಂಪೈರ್’. ನಿಕ್‌ನೇಮ್‌ದು ತಿರುಗಾಮುರುಗಾ, ‘ಆ್ಯನ್ ಎಕ್‌ನೇಮ್’ ಇದ್ದದ್ದು ಪಕ್ಕದ ‘ನ’ ಕದ್ದುಕೊಂಡಿತು. ನಾವು ದಿನಾ ಬಳಸುವ ಸಿಲಬಸ್ ಅಂತೂ ಶುದ್ಧ ಅಚ್ಚಿನ ತಪ್ಪು. ಹಳೆಯ ರೋಮಿನ ವಾಗ್ಮಿ ಸಿಸೆರೊನ ಪತ್ರಗಳಲ್ಲಿ ಸುರುಳಿ ಪುಸ್ತಕಕ್ಕೆ ಅಂಟಿಸುವ ಹೆಸರು ಚೀಟಿಗೆ ‘ಸಿತ್ತಿಬಾಸ್’ ಅನ್ನುವ ಗ್ರೀಕ್ ಪದ ಇತ್ತು. 15ನೆಯ ಶತಮಾನದಲ್ಲಿ ಅಚ್ಚು ಮಾಡುವಾಗ ಅದು ‘ಸಿಲ್ಲಬೋಸ್’ ಆಯಿತು. ಇವತ್ತು ಯಾರಾದರೂ ಏಪ್ರನ್ ಅನ್ನುವವರನ್ನು ತಡೆದು ನೇಪ್ರನ್ ಅನ್ನಿ ಅಂದರೆ ಅವರಿಗೇ ತಲೆ ಸರಿ ಇಲ್ಲ ಅನ್ನುತ್ತೇವೆ.

ತಿದ್ದುವವರೇ ಮಂಪ್ಸಿಮಸ್ ಆಗಿರುವುದೂ ಉಂಟು. ಇಂಗ್ಲಿಷ್ ವಾಕ್ಯ ಆಫ್, ವಿತ್, ಟು ಥರದ ಪ್ರೆಪೊಸಿಷನ್‌ನಿಂದ ಮುಗಿಯಬಾರದು ಅಂತ ಒಂದು ನಿಯಮ ಇದೆಯಲ್ಲ. 1672ರಲ್ಲಿ ಕವಿ ಡ್ರೈಡನ್, ನಾಟಕಕಾರ ಬೆನ್ ಜಾನ್ಸನ್‌ನ ಬರಹದಲ್ಲಿ ಅದನ್ನೊಂದು ದೋಷ ಅಂತ ತೋರಿಸಿದ. ಅಲ್ಲಿಂದ ಅದು ಪಾಠದಿಂದ ಪಾಠಕ್ಕೆ ಹರಿಯಿತು. 1926ರಲ್ಲಿ ಫೌಲರ್ ತನ್ನ ಇಂಗ್ಲಿಷ್ ಬಳಕೆಯ ಕೈಪಿಡಿಯಲ್ಲಿ ಇದು ಮುದ್ದು ಮಾಡಿ ಸಾಕಿದ ಮೂಢನಂಬಿಕೆ ಅಂದ. ಅಷ್ಟಾದರೂ ಈಗಲೂ ಪ್ರೂಫಿನಲ್ಲಿ ಅಂಥ ವಾಕ್ಯ ಕಂಡ ಕೂಡಲೇ ಗುಂಡು ಸುತ್ತುವವರು ಇದ್ದಾರೆ. ನಾನೂ ಬಹಳ ಕಾಲ ಸುತ್ತಿದ್ದೇನೆ.

ಹಾಗಾದರೆ ಅಳತೆಗೋಲು ಏನು? ನಾನು ಇಟ್ಟುಕೊಂಡದ್ದು ಇಷ್ಟು. ಈಗ ಚೆನ್ನಾಗಿ ಬರೆಯುವವರಲ್ಲಿ ಹೆಚ್ಚಿನವರು ಹೇಗೆ ಬರೆಯುತ್ತಾರೆ ಅಂತ ಎರಡು ಮೂರು ಒಳ್ಳೆಯ ನಿಘಂಟಿನಲ್ಲಿ ನೋಡುತ್ತೇನೆ. ಎಲ್ಲವೂ ಒಂದೇ ಮಾತು ಹೇಳಿದರೆ ತಿದ್ದುತ್ತೇನೆ. ಜಗಳವಾಡಿದರೆ ಲೇಖಕರದ್ದನ್ನು ಹಾಗೇ ಬಿಡುತ್ತೇನೆ. ಸಿ ಹಾಕಿದ ನನ್ನ ಸೂಪರ್‌ಸೀಡ್ ಕೂಡ ಮೆರಿಯಂ ವೆಬ್‌ಸ್ಟರ್‌ನಲ್ಲಿ ಪಕ್ಕದ ರೂಪವಾಗಿ ಸಿಗುತ್ತದೆ. ಅದು ಕಣ್ಣಿಗೆ ಬಿದ್ದ ದಿನ ಗೆದ್ದೆ ಅಂತ ಕುಣಿದಿದ್ದೆ. ಕೆಳಗಿನ ಟಿಪ್ಪಣಿ ಓದಿದ ಮೇಲೆ ಕುಣಿತ ನಿಂತಿತು. ತುಂಬ ಜನ ಅದನ್ನು ತಪ್ಪು ಎಂದೇ ನೋಡುತ್ತಾರೆ ಅಂತ ಇತ್ತು.

ಇನ್ನೊಬ್ಬರನ್ನು ತಿದ್ದುವುದಾದರೆ

‘ನೀನು ತಪ್ಪು’ ಅಂತ ಶುರು ಮಾಡಿದರೆ ಎದುರಿನವರು ಕೋಟೆ ಕಟ್ಟಲು ಶುರು ಮಾಡುತ್ತಾರೆ. ನಾಲ್ಕು ಜನರ ಎದುರು ಹೇಳಿದರೆ ಆ ಕೋಟೆಗೆ ಕಂದಕವೂ ಸೇರುತ್ತದೆ. ನಿಘಂಟು ತೋರಿಸುವುದು ಕೂಡ ಅಷ್ಟಾಗಿ ಕೆಲಸ ಮಾಡುವುದಿಲ್ಲ. ನನಗೆ ಮಾಡಲಿಲ್ಲ. ನಿಘಂಟು ‘ಏನು’ ಅಂತ ಹೇಳುತ್ತದೆ. ಮಂಪ್ಸಿಮಸ್ ಹತ್ತಿರ ಆಗಲೇ ಒಂದು ‘ಯಾಕೆ’ ಇರುತ್ತದೆ. ಪ್ರಿಸೀಡ್‌ಗೆ ಸಿ, ಇಂಟರ್‌ಸೀಡ್‌ಗೆ ಸಿ, ಆದ್ದರಿಂದ ಇದಕ್ಕೂ ಸಿ ಅನ್ನುವುದು ನನ್ನ ‘ಯಾಕೆ’. ಅದನ್ನು ಮೀರಿಸುವ ಇನ್ನೊಂದು ‘ಯಾಕೆ’ ಕೊಡಬೇಕು.

ಆ ಹುಡುಗ ಕೊನೆಗೆ ಮಾಡಿದ್ದು ಅದನ್ನೇ. ಮಂಪ್ಸಿಮಸ್ ಅಂದು ಹೋದವನು ಮರುದಿನ ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟಿದ್ದ. ಮಾತಿಲ್ಲ ಕತೆಯಿಲ್ಲ. ಎರಡೇ ಸಾಲು. ‘ಕೇದೆರೆ, ಅಂದರೆ ಹೋಗು, ಬಿಟ್ಟುಕೊಡು. ಸೆದೇರೆ, ಅಂದರೆ ಕೂರು.’ ಪ್ರಿಸೀಡ್, ರಿಸೀಡ್ ಎಲ್ಲ ಹೋಗುವ ಪದಗಳು. ಮುಂದೆ ಹೋಗುವುದು, ಹಿಂದೆ ಹೋಗುವುದು. ಸೂಪರ್‌ಸೀಡ್ ಒಂದೇ ಕೂರುವ ಪದ. ಹೊಸ ನಿಯಮ ಬಂದು ಹಳೆಯದರ ಮೇಲೆ ಕೂತುಬಿಡುತ್ತದೆ. ಕುರ್ಚಿ ಕಣ್ಣಿಗೆ ಕಟ್ಟಿತು. ಇಂಗ್ಲಿಷಿನಲ್ಲಿ ಹೀಗೆ ಎಸ್ ಇಟ್ಟುಕೊಂಡು ‘ಸೀಡ್’ ಅಂತ ಮುಗಿಯುವ ಪದ ಇದೊಂದೇ ಅಂತ ಆಮೇಲೆ ತಿಳಿಯಿತು. ಅವತ್ತೇ ಕಂಪ್ಯೂಟರಿನ ನಿಘಂಟಿಗೆ ನಾನೇ ಸೇರಿಸಿದ್ದ ಪದವನ್ನು ಹುಡುಕಿ ಅಳಿಸಿದೆ.

ಒಂದು ಸಲ ಹೇಳಿ, ಕಾರಣ ಕೊಡಿ, ಎದ್ದು ಹೋಗಿ. ಅವರು ಒಪ್ಪುವುದನ್ನು ನಿಂತು ನೋಡಬೇಡಿ. ಸೋಲುವಾಗ ಯಾರಿಗೂ ಪ್ರೇಕ್ಷಕರು ಬೇಡ.

ನಿಮ್ಮೊಳಗಿನದನ್ನು ಹಿಡಿಯಲು

ಇದು ಕಷ್ಟದ ಭಾಗ, ಯಾಕೆಂದರೆ ಒಳಗಿನಿಂದ ನೋಡಿದರೆ ಸರಿಯೂ ಮಂಪ್ಸಿಮಸ್ಸೂ ಒಂದೇ ಥರ ಕಾಣುತ್ತವೆ. ನಾನು ಗಮನಿಸಿದ ಒಂದೆರಡು ಗುರುತು ಹೇಳುತ್ತೇನೆ. ನಾನು ಸರಿ ಇದ್ದಾಗ ಒಂದು ಕಾರಣ ಸಾಕಾಗುತ್ತದೆ. ತಪ್ಪಿದ್ದಾಗ ನಾಲ್ಕು ಕಾರಣ ಬರುತ್ತವೆ, ಅದರಲ್ಲಿ ನಾಲ್ಕನೆಯದು ಖಂಡಿತ ‘ಅರ್ಥ ಆಯ್ತಲ್ಲ, ಇನ್ನೇನು’. ಇನ್ನೊಂದು ಗುರುತು, ವರ್ಷ ಎಣಿಸುವುದು. ಪಾದ್ರಿಯ ಮೂವತ್ತು ವರ್ಷ, ನನ್ನ ಹನ್ನೆರಡು. ನನ್ನ ಬಾಯಿಂದ ‘ಇಷ್ಟು ವರ್ಷದಿಂದ’ ಅನ್ನುವ ಮಾತು ಬಂದರೆ ಈಗ ನಾನೇ ನಿಂತು ನಿಘಂಟು ತೆಗೆಯುತ್ತೇನೆ.

ಹೇಳಿಸಿಕೊಂಡಾಗ ಹೇಗೆ ಉತ್ತರ ಕೊಡಬೇಕು ಅನ್ನುವುದಕ್ಕೆ ಸಾಮ್ಯುಯೆಲ್ ಜಾನ್ಸನ್‌ಗಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. 1755ರ ತನ್ನ ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಆತ ‘ಪ್ಯಾಸ್ಟರ್ನ್’ ಅಂದರೆ ಕುದುರೆಯ ಮಂಡಿ ಅಂತ ಬರೆದಿದ್ದ. ಅದು ಮಂಡಿ ಅಲ್ಲ, ಗೊರಸಿನ ಸ್ವಲ್ಪ ಮೇಲಿನ ಭಾಗ. ಒಬ್ಬ ಹೆಂಗಸು ಹಾಗೆ ಯಾಕೆ ಬರೆದಿರಿ ಅಂತ ನೇರವಾಗಿ ಕೇಳಿದಳು. ದೊಡ್ಡ ಸಮರ್ಥನೆ ಬರುತ್ತೆ ಅಂತ ಕಾದಿದ್ದಳಂತೆ. ‘ಅಜ್ಞಾನ, ಮೇಡಂ, ಶುದ್ಧ ಅಜ್ಞಾನ’ ಅಂದ ಜಾನ್ಸನ್. ಇಗ್ನೊರೇಮಸ್ ಆಗಿದ್ದೆ ಅಂತ ಒಪ್ಪಿಕೊಂಡವನು ಮಂಪ್ಸಿಮಸ್ ಆಗಲಾರ. ನನ್ನ ಮೇಜಿನ ಗಾಜಿನ ಕೆಳಗೆ ಆ ಮಾತನ್ನು ಬರೆದಿಟ್ಟಿದ್ದೇನೆ, ಪಕ್ಕದಲ್ಲೇ ಹುಡುಗನ ಚೀಟಿ.

ಹೋದ ವಾರ ಅದೇ ಹುಡುಗ, ಈಗ ಹುಡುಗ ಏನಲ್ಲ, ಹೊಸದಾಗಿ ಸೇರಿದವರಿಗೆ ಈ ಪಾದ್ರಿಯ ಕತೆ ಹೇಳುತ್ತಿದ್ದ. “ನಮ್ಮ ಆಫೀಸಿನಲ್ಲೂ ಮಂಪ್ಸಿಮೈ ಇದ್ದಾರೆ” ಅಂದ. ನಾಲ್ಕು ಜನರ ಎದುರು ತಿದ್ದಬಾರದು ಅಂತ ಸುಮ್ಮನಿದ್ದೆ. ಎಲ್ಲರೂ ಹೋದ ಮೇಲೆ ಹತ್ತಿರ ಹೋಗಿ, “ಅದು ಮಂಪ್ಸಿಮಸಸ್ ಅಲ್ವೇನಪ್ಪಾ? ಅದು ನಾಮಪದ ಅಲ್ಲವಲ್ಲ” ಅಂದೆ.

“ಗೊತ್ತು ಮೇಡಂ” ಅಂದ. “ಕಾಲೇಜಿನಿಂದಲೂ ಹಾಗೇ ಹೇಳ್ತಾ ಬಂದಿದ್ದೀನಿ. ಕೇಳೋಕೆ ಚೆನ್ನಾಗಿದೆ, ಬಿಡಿ.”